ಪಾರ್ಶ್ವವಾಯುವಿನ ನಂತರದ ಅಪಸ್ಮಾರದಲ್ಲಿ ಮಿದುಳಿನ ಗ್ರಾಹಕಗಳ ಜೀನ್ ಅಭಿವ್ಯಕ್ತಿ

ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಪಾರ್ಶ್ವವಾಯು ಉಂಟಾಗಿ, ಆ ಗಾಯ ಮಾಯ್ದ ಮೇಲೆ, ಜ್ವರ, ಸಕ್ಕರೆಯ ಕುಸಿತ, ಮದ್ಯ ಮುಂತಾದ ತಕ್ಷಣದ ಕಾರಣವೇನೂ ಇಲ್ಲದೆ ಸೆಳವುಗಳು ಮರುಕಳಿಸತೊಡಗಿದರೆ ಆ ಸ್ಥಿತಿಯನ್ನು ಪಾರ್ಶ್ವವಾಯುವಿನ ನಂತರದ ಅಪಸ್ಮಾರ ಎಂದು ಕರೆಯಲಾಗುತ್ತದೆ. ಜನರ ಮಾತಿನಲ್ಲಿ ಮೊದಲನೆಯದು ಲಕ್ವ ಅಥವಾ ಸ್ಟ್ರೋಕ್, ಎರಡನೆಯದು ಮೂರ್ಛೆ ರೋಗ ಅಥವಾ ಫಿಟ್ಸ್. ಇವೆರಡನ್ನೂ ಬೇರೆಬೇರೆ ರೋಗಗಳೆಂದೇ ಎಣಿಸುವ ವಾಡಿಕೆ ಇರುವುದರಿಂದ, ಲಕ್ವ ಹೊಡೆದ ವರ್ಷದ ಮೇಲೆ ಹಿರಿಯರೊಬ್ಬರಿಗೆ ಫಿಟ್ಸ್ ಬಂದಾಗ ಮನೆಯವರು ಅದನ್ನು ಹಳೆಯ ಗಾಯಕ್ಕೆ ಜೋಡಿಸಿ ನೋಡುವುದು ಕಡಿಮೆ. ಆದರೆ ಅರವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಅಪಸ್ಮಾರಕ್ಕೆ ಗುರುತಿಸಬಹುದಾದ ಕಾರಣಗಳಲ್ಲಿ ಪಾರ್ಶ್ವವಾಯುವೇ ಮೊದಲನೆಯದು. ಗಾಯಕ್ಕೂ ಸೆಳವಿಗೂ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವ ಸದ್ದಿಲ್ಲದ ಅವಧಿಯಲ್ಲಿ ನರಕೋಶಗಳು ತಮ್ಮ ಮೇಲ್ಮೈಯ ಗ್ರಾಹಕಗಳನ್ನು, ಅಂದರೆ ರಾಸಾಯನಿಕ ಸಂದೇಶಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳನ್ನು, ಬದಲಿಸಿಕೊಳ್ಳುತ್ತವೆ. ಈ ಬದಲಾವಣೆಯ ಮೂಲ ಆ ಪ್ರೋಟೀನುಗಳ ನಕಾಶೆಯನ್ನು ಹೊತ್ತ ಜೀನ್‌ಗಳು, ಅಂದರೆ ವಂಶವಾಹಿಗಳು, ಎಷ್ಟು ಮತ್ತು ಯಾವಾಗ ಕೆಲಸ ಮಾಡುತ್ತವೆ ಎಂಬುದರಲ್ಲಿದೆ. ಜೀನ್ ಹೀಗೆ ಕೆಲಸಕ್ಕೆ ಇಳಿಯುವುದನ್ನು ಅಭಿವ್ಯಕ್ತಿ ಎನ್ನುತ್ತಾರೆ.

ಸೆಳವಿನ ಕಾಲವನ್ನು ನೋಡಿ ವೈದ್ಯರು ಒಂದು ಗೆರೆ ಎಳೆಯುತ್ತಾರೆ. ಪಾರ್ಶ್ವವಾಯುವಾದ 7 ದಿನಗಳೊಳಗೆ ಬರುವ ಸೆಳವು ‘ಬೇಗಿನದು’. ಅದು ಗಾಯಗೊಂಡ ಅಂಗಾಂಶದ ತಕ್ಷಣದ ಕ್ಷೋಭೆ. ಆ ಬಳಿಕ ಬರುವುದು ‘ತಡವಾದದ್ದು’. ಅದು ಮರುರಚನೆಗೊಂಡ ಅಂಗಾಂಶದ ಲಕ್ಷಣ. 2009ರಲ್ಲಿ ಹೆಸ್‌ಡಾರ್ಫರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಗಿನ ಸೆಳವು ಕಂಡವರಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಅಪ್ರಚೋದಿತ ಸೆಳವು ಬರುವ ಸಂಭವ ಶೇ. 33ರಷ್ಟಿದ್ದರೆ, ಒಂದೇ ಒಂದು ತಡವಾದ ಸೆಳವು ಕಂಡವರಲ್ಲಿ ಇನ್ನೊಂದು ಬರುವ ಸಂಭವ ಶೇ. 71.5ರಷ್ಟಿತ್ತು. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2014ರಲ್ಲಿ ಅಪಸ್ಮಾರದ ವ್ಯಾಖ್ಯೆಯನ್ನು ತಿದ್ದಿ, ಹತ್ತು ವರ್ಷಗಳಲ್ಲಿ ಮರುಕಳಿಸುವ ಸಂಭವ ಶೇ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೆಳವೇ ಸಾಕು ಎಂದು ಹೇಳಿದ್ದರಿಂದ, ತಡವಾದ ಒಂದು ಸೆಳವಿಗೂ ಅಪಸ್ಮಾರವೆಂಬ ಹೆಸರು ಸಲ್ಲುತ್ತದೆ. ಏಳು ದಿನದ ಈ ಗೆರೆ ಲೆಕ್ಕದ ಅನುಕೂಲಕ್ಕೆ ಎಳೆದದ್ದಾದರೂ, ಅದರ ಹಿಂದೆ ಜೀವಶಾಸ್ತ್ರದ ಆಧಾರವೂ ಇದೆ: ಮೊದಲ ಗಂಟೆಗಳ ಕ್ಷೋಭೆ ಆಗಲೇ ಇರುವ ಗ್ರಾಹಕಗಳ ಮೂಲಕ ನಡೆಯುತ್ತದೆ, ವಾರಗಳ ನಂತರದ್ದು ಹೊಸದಾಗಿ ತಯಾರಾದ ಗ್ರಾಹಕಗಳ ಮೂಲಕ.

ಬೆಂಗಳೂರು ದಕ್ಷಿಣದ ನೆಲೆ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ನಿವಾಸಿಗಳಿಗೆ ನರರೋಗವೆಂದರೆ ಮೊದಲು ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. ಹಿಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ರೂಪಿಸಿದ ಈ ಸಂಸ್ಥೆಗೆ 2012ರ ಕಾಯ್ದೆಯ ಮೂಲಕ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂಬ ಸ್ಥಾನ ದೊರೆಯಿತು. ಇಲ್ಲಿನ ಎಂ. ಗೌರಿದೇವಿ, ಜಿ. ಗುರುರಾಜ್, ಪಿ. ಸತೀಶ್‌ಚಂದ್ರ ಮತ್ತು ಡಿ.ಕೆ. ಸುಬ್ಬಕೃಷ್ಣ ಅವರು ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಜನರನ್ನು ಮನೆಮನೆಯ ಸಮೀಕ್ಷೆಯಲ್ಲಿ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರತಿ ಲಕ್ಷ ಜನರಲ್ಲಿ 883 ಮಂದಿಗೆ ಅಪಸ್ಮಾರವೂ 150 ಮಂದಿಗೆ ಮಿದುಳಿನ ರಕ್ತನಾಳದ ರೋಗವೂ ಇತ್ತು. ಅಪಸ್ಮಾರದ ಪ್ರಮಾಣ ಹಳ್ಳಿಗಳಲ್ಲಿ ನಗರದ ಸುಮಾರು ಎರಡರಷ್ಟಿತ್ತು. ಪಾರ್ಶ್ವವಾಯುವಿನಿಂದ ಬದುಕಿ ಉಳಿದವರು ಹೆಚ್ಚಿದಂತೆ, ಅದರ ನಂತರದ ಅಪಸ್ಮಾರವೂ ಹೆಚ್ಚುವುದು ಸಹಜ. ಚಿಕಿತ್ಸೆಯ ಗೆಲುವಿನ ಬೆನ್ನಿಗೇ ಬರುವ ರೋಗ ಇದು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯೂ ನಿಮ್ಹಾನ್ಸೂ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ತಲೆನೋವು, ಮರೆಗುಳಿತನಗಳ ಜೊತೆಗೆ ಪಾರ್ಶ್ವವಾಯುವನ್ನೂ ಅಪಸ್ಮಾರವನ್ನೂ ಒಂದೇ ಯೋಜನೆಯಡಿ ತಂದಿತು. ಕೋಲಾರ, ಚಿಕ್ಕಬಳ್ಳಾಪುರಗಳ ಜೊತೆ ಜಯನಗರದ ಸಾರ್ವಜನಿಕ ಆಸ್ಪತ್ರೆಯೂ ಅದರ ಮೊದಲ ಕೇಂದ್ರಗಳಲ್ಲಿ ಒಂದಾಯಿತು. ಈ ಎರಡು ರೋಗಗಳನ್ನು ಒಂದೇ ಕೋಣೆಯಲ್ಲಿ ನೋಡುವುದು ಆಡಳಿತದ ಅನುಕೂಲ ಮಾತ್ರವಲ್ಲ, ರೋಗದ ಸ್ವರೂಪವೂ ಅದನ್ನೇ ಬೇಡುತ್ತದೆ.

ನಿಮ್ಹಾನ್ಸಿನ ಅನುಭವದಲ್ಲಿ ಇನ್ನೊಂದು ಬಗೆಯ ಪಾರ್ಶ್ವವಾಯುವಿಗೂ ವಿಶೇಷ ಸ್ಥಾನವಿದೆ. ಅಪಧಮನಿಯಲ್ಲ, ಮಿದುಳಿನಿಂದ ರಕ್ತವನ್ನು ಹೊರಕ್ಕೆ ಒಯ್ಯುವ ಅಭಿಧಮನಿ ಹೆಪ್ಪುಗಟ್ಟಿ ಕಟ್ಟಿಕೊಳ್ಳುವ ಈ ರೋಗ ದಕ್ಷಿಣ ಭಾರತದಲ್ಲಿ ಬಾಣಂತಿಯರಲ್ಲಿ ಹೆಚ್ಚಾಗಿ ಕಾಣುತ್ತಿದ್ದುದನ್ನು ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ದೀರ್ಘಕಾಲ ಅಧ್ಯಯನ ಮಾಡಿದರು. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಸ್ವಭಾವ ತಾನಾಗಿಯೇ ಹೆಚ್ಚಿರುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯ ಅದಕ್ಕೆ ನಿರ್ಜಲತೆಯನ್ನೂ ಸೇರಿಸುತ್ತದೆ. ಈ ಬಗೆಯ ಪಾರ್ಶ್ವವಾಯುವಿನಲ್ಲಿ ಸೆಳವು ಮೊದಲ ದಿನಗಳಲ್ಲೇ ಬರುವುದು ಬಹಳ ಸಾಮಾನ್ಯ. ಸುಮಾರು ಐವರಲ್ಲಿ ಇಬ್ಬರಿಗೆ ಬರುತ್ತದೆ. ಮಿದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ರಕ್ತ ಒಸರಿ ಊದಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಸೆಳವು ಹುಟ್ಟುವುದು ಬಹುಮಟ್ಟಿಗೆ ಕಾರ್ಟೆಕ್ಸಿನಲ್ಲೇ ಆದ್ದರಿಂದ, ಯಾವ ಬಗೆಯ ಪಾರ್ಶ್ವವಾಯುವಿನಲ್ಲಾದರೂ ಕಾರ್ಟೆಕ್ಸಿಗೆ ಪೆಟ್ಟಾಗಿದೆಯೇ ಎಂಬುದೇ ಮುಂದಿನ ಅಪಸ್ಮಾರದ ಬಲವಾದ ಸೂಚಕ. 2018ರಲ್ಲಿ ಗ್ಯಾಲೊವಿಚ್ ಮತ್ತು ಸಂಗಡಿಗರು ರೂಪಿಸಿದ ‘ಸೆಲೆಕ್ಟ್’ ಅಂಕಪಟ್ಟಿಯಲ್ಲೂ ಪಾರ್ಶ್ವವಾಯುವಿನ ತೀವ್ರತೆ, ದೊಡ್ಡ ಅಪಧಮನಿಯ ಗಟ್ಟಿಯಾಗುವಿಕೆ, ಬೇಗಿನ ಸೆಳವು, ಮಧ್ಯ ಮಿದುಳ ಅಪಧಮನಿಯ ವಲಯ ಇವುಗಳ ಜೊತೆ ಕಾರ್ಟೆಕ್ಸಿನ ಗಾಯಕ್ಕೂ ಅಂಕವಿದೆ.

ಗ್ರಾಹಕ ಮತ್ತು ಅದರ ಜೀನ್

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂಧಿಯನ್ನು ಸಿನಾಪ್ಸ್ ಎನ್ನುತ್ತಾರೆ. ಅಲ್ಲಿ ಸ್ರವಿಸುವ ನರಪ್ರೇಷಕಗಳಲ್ಲಿ ಗ್ಲುಟಮೇಟ್ ಎದುರಿನ ಕೋಶವನ್ನು ಉದ್ರೇಕಿಸುತ್ತದೆ, ಗಾಬಾ ಅದನ್ನು ತಡೆಯುತ್ತದೆ. ಅಪಸ್ಮಾರವನ್ನು ಈ ಎರಡರ ತಕ್ಕಡಿ ತಪ್ಪಿದ ಸ್ಥಿತಿಯೆಂದು ವರ್ಣಿಸುವುದು ಪಠ್ಯಪುಸ್ತಕಗಳ ರೂಢಿ. ಈ ಉಪಮೆ ಕಲಿಯುವವರಿಗೆ ಒಳ್ಳೆಯದೇ; ಆದರೆ ತಕ್ಕಡಿಯಲ್ಲಿ ತೂಕ ಮಾತ್ರ ಕಾಣುತ್ತದೆ, ತೂಗುವ ಪದಾರ್ಥವೇ ಬದಲಾದದ್ದು ಕಾಣುವುದಿಲ್ಲ. ಪಾರ್ಶ್ವವಾಯುವಿನ ನಂತರ ಗ್ರಾಹಕಗಳ ಸಂಖ್ಯೆ ಹೆಚ್ಚುಕಡಿಮೆಯಾಗುವುದಕ್ಕಿಂತ ಅವುಗಳ ರಚನೆ ಬದಲಾಗುವುದೇ ಹೆಚ್ಚು ಪರಿಣಾಮಕಾರಿ.

ಗ್ರಾಹಕಗಳು ಒಂಟಿ ಪ್ರೋಟೀನುಗಳಲ್ಲ. ಗಾಬಾ-ಎ ಗ್ರಾಹಕವು ಐದು ಉಪಘಟಕಗಳು ಬಳೆಯಂತೆ ಕೂಡಿ, ನಡುವೆ ಕ್ಲೋರೈಡ್ ಅಯಾನು ಹರಿಯುವ ರಂಧ್ರ ಬಿಟ್ಟ ರಚನೆ. ಮಾನವನಲ್ಲಿ ಈ ಉಪಘಟಕಗಳಿಗೆ 19 ಜೀನ್‌ಗಳಿವೆ. ಸಾಮಾನ್ಯ ಗ್ರಾಹಕದಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ ಇರುತ್ತವೆ. ಗ್ಲುಟಮೇಟಿನ ವೇಗದ ಗ್ರಾಹಕವಾದ ಆಂಪಾ ಗ್ರಾಹಕ ನಾಲ್ಕು ಉಪಘಟಕಗಳದ್ದು, ನಿಧಾನಗತಿಯ ಎನ್‌ಎಂಡಿಎ ಗ್ರಾಹಕವೂ ನಾಲ್ಕರದ್ದೇ. ಪ್ರತಿ ಉಪಘಟಕಕ್ಕೂ ಒಂದೊಂದು ಜೀನ್ ಇರುವುದರಿಂದ, ಕೋಶವು ಯಾವ ಜೀನ್‌ನಿಂದ ಎಷ್ಟು ಸಂದೇಶವಾಹಕ ಆರ್‌ಎನ್‌ಎ ಬರೆಸಿಕೊಳ್ಳುತ್ತದೆ ಎಂಬುದರ ಮೇಲೆ ಗ್ರಾಹಕದ ಗುಣ ನಿಂತಿದೆ. ಆರ್‌ಎನ್‌ಎ ಹೆಚ್ಚಿದ ಮಾತ್ರಕ್ಕೆ ಪ್ರೋಟೀನು ಹೆಚ್ಚಬೇಕೆಂದಿಲ್ಲ, ಪ್ರೋಟೀನು ಹೆಚ್ಚಿದ ಮಾತ್ರಕ್ಕೆ ಅದು ಸಿನಾಪ್ಸಿನ ಪೊರೆಗೆ ತಲುಪಬೇಕೆಂದೂ ಇಲ್ಲ. ಈ ಕ್ಷೇತ್ರದ ಅನೇಕ ಲೇಖನಗಳು ಮೊದಲ ಅಳತೆಯನ್ನಷ್ಟೇ ತೆಗೆದು ಮೂರನೆಯದರ ಬಗ್ಗೆ ತೀರ್ಮಾನ ಹೇಳುವುದು ಓದುಗರು ಎಚ್ಚರದಿಂದ ನೋಡಬೇಕಾದ ದೋಷ.

ಗಾಬಾ-ಎ ಗ್ರಾಹಕ: ಆಲ್ಫಾ ಅದಲುಬದಲು

ಅಪಸ್ಮಾರ ಹುಟ್ಟುವ ಮೊದಲೇ ಗ್ರಾಹಕದ ಜೀನ್‌ಗಳು ಬದಲಾಗುತ್ತವೆ ಎಂಬುದಕ್ಕೆ ದೊಡ್ಡ ಸಾಕ್ಷ್ಯ ದೊರೆತದ್ದು 1998ರಲ್ಲಿ. ಆಮಿ ಬ್ರೂಕ್ಸ್-ಕಯಾಲ್ ಮತ್ತು ಸಂಗಡಿಗರು ಪೈಲೊಕಾರ್ಪಿನ್ ಎಂಬ ರಾಸಾಯನಿಕದಿಂದ ಇಲಿಗಳಲ್ಲಿ ದೀರ್ಘ ಸೆಳವು ಉಂಟುಮಾಡಿ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸಿನ ಒಂದೊಂದೇ ನರಕೋಶದಿಂದ ಆರ್‌ಎನ್‌ಎ ತೆಗೆದು ಅಳೆದಾಗ, ಆಲ್ಫಾ-1 ಉಪಘಟಕದ ಅಭಿವ್ಯಕ್ತಿ ಇಳಿದು ಆಲ್ಫಾ-4 ಏರಿತ್ತು. ಇದು ತಾವಾಗಿ ಮರುಕಳಿಸುವ ಸೆಳವುಗಳು ಆರಂಭವಾಗುವ ಮೊದಲೇ ನಡೆದಿತ್ತು. ಇಂಥ ಗ್ರಾಹಕಗಳನ್ನು ಸತುವಿನ ಅಯಾನು ಸುಲಭವಾಗಿ ಅಡಗಿಸುತ್ತದೆ. ಅಪಸ್ಮಾರಕ್ಕೊಳಗಾದ ಹಿಪ್ಪೊಕ್ಯಾಂಪಸಿನಲ್ಲಿ ಹೊಸದಾಗಿ ಚಿಗುರುವ ನರತಂತುಗಳು ಸತುವನ್ನೇ ಸ್ರವಿಸುವುದರಿಂದ, ಪ್ರತಿಬಂಧಕ ವ್ಯವಸ್ಥೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಕೈಕೊಡುತ್ತದೆ.

ಈ ಬದಲಾವಣೆಯ ಹಿಂದಿನ ಸಂಕೇತ ಸರಪಳಿಯನ್ನು ಮುಂದಿನ ಹತ್ತು ವರ್ಷಗಳಲ್ಲಿ ಇದೇ ಬಳಗ ಮತ್ತು ಶೆಲ್ಲಿ ರಸೆಕ್ ಅವರ ಬಳಗ ಬಿಡಿಸಿದವು. ಗಾಯಗೊಂಡ ಮಿದುಳಿನಲ್ಲಿ ಬಿಡಿಎನ್‌ಎಫ್ ಎಂಬ ನರಪೋಷಕ ಅಂಶ ಹೆಚ್ಚುತ್ತದೆ. ಅದು ಒಂದು ದಾರಿಯಲ್ಲಿ ಜಾಕ್-ಸ್ಟ್ಯಾಟ್ ಎಂಬ ಕಿಣ್ವಸರಣಿಯನ್ನು ಕೆರಳಿಸಿ, ಐಸರ್ ಎಂಬ ದಮನಕಾರಿ ಪ್ರೋಟೀನನ್ನು ಹುಟ್ಟಿಸಿ, ಆಲ್ಫಾ-1ರ ಜೀನ್ ಆದ ಜಿಎಬಿಆರ್‌ಎ1 ಅನ್ನು ಮುಚ್ಚಿಸುತ್ತದೆ. ಇನ್ನೊಂದು ದಾರಿಯಲ್ಲಿ ಇಜಿಆರ್3 ಎಂಬ ನಿಯಂತ್ರಕ ಪ್ರೋಟೀನನ್ನು ಹೆಚ್ಚಿಸಿ ಜಿಎಬಿಆರ್‌ಎ4 ಅನ್ನು ತೆರೆಸುತ್ತದೆ. ಹೊಸ ಸಿನಾಪ್ಸ್ ಕಟ್ಟಲು, ಅಂದರೆ ಮಾತು ಮತ್ತು ನಡಿಗೆ ಮರಳಿ ಬರಲು, ಅದೇ ಬಿಡಿಎನ್‌ಎಫ್ ಬೇಕು. ಆದ್ದರಿಂದ ಅದನ್ನು ಸಾರಾಸಗಟಾಗಿ ತಡೆಯುವುದು ಚೇತರಿಕೆಗೇ ಕೊಡಲಿಪೆಟ್ಟು. ಬದಲಾವಣೆ ಕಾರಣವೇ ಅಥವಾ ಕೇವಲ ಜೊತೆಗಾರನೇ ಎಂಬ ಪ್ರಶ್ನೆಗೆ 2006ರಲ್ಲಿ ರಾವೊಲ್ ಮತ್ತು ಸಂಗಡಿಗರು ಒಂದು ಚತುರ ಉತ್ತರ ಕೊಟ್ಟರು: ನಿರುಪದ್ರವಿ ವೈರಸ್ಸಿನೊಳಗೆ ಆಲ್ಫಾ-1ರ ಜೀನನ್ನು ಆಲ್ಫಾ-4ರ ಸ್ವಿಚ್ಚಿಗೆ ಜೋಡಿಸಿ ಇಲಿಗಳ ಹಿಪ್ಪೊಕ್ಯಾಂಪಸಿಗೆ ಸೇರಿಸಿದಾಗ, ರೋಗವು ಆಲ್ಫಾ-4 ಅನ್ನು ಹೆಚ್ಚಿಸಲು ಹೊರಟಾಗಲೆಲ್ಲ ಆಲ್ಫಾ-1 ಹೆಚ್ಚಾಯಿತು, ಅಪಸ್ಮಾರ ಬರುವುದು ಕಡಿಮೆಯಾಯಿತು, ಬಂದದ್ದೂ ತಡವಾಗಿ ಬಂತು.

ಆಲ್ಫಾ-4 ಏರುವುದಕ್ಕೆ ಚಿಕಿತ್ಸೆಯಲ್ಲೂ ಅರ್ಥವಿದೆ. ಡಯಾಜೆಪಾಮ್, ಲೊರಾಜೆಪಾಮ್, ಮಿಡಾಜೊಲಾಮ್‌ಗಳಂಥ ಔಷಧಗಳು ಆಲ್ಫಾ ಮತ್ತು ಗಾಮಾ ಉಪಘಟಕಗಳ ನಡುವಿನ ಸಂದಿಯಲ್ಲಿ ಕೂರುತ್ತವೆ. ಆಲ್ಫಾ-1ರಲ್ಲಿ ಹಿಸ್ಟಿಡಿನ್ ಇರುವ ಒಂದು ಸ್ಥಾನದಲ್ಲಿ ಆಲ್ಫಾ-4ರಲ್ಲಿ ಆರ್ಜಿನಿನ್ ಇರುವುದರಿಂದ, ಆ ಒಂದೇ ಅಮೈನೋ ಆಮ್ಲದ ವ್ಯತ್ಯಾಸಕ್ಕಾಗಿ ಈ ಔಷಧಗಳಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಬಾರ್ಬಿಟ್ಯುರೇಟುಗಳು ಬೇರೆ ತಾಣದಲ್ಲಿ ಕೆಲಸ ಮಾಡುವುದರಿಂದ ಅವಕ್ಕೆ ಈ ಅಡ್ಡಿಯಿಲ್ಲ. ಬೆಂಗಳೂರಿನ ನರವೈದ್ಯ ಕೆ.ಎಸ್. ಮಣಿ ಮತ್ತು ಸಹೋದ್ಯೋಗಿಗಳು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್ ಮತ್ತು ಫಿನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ; ಇವುಗಳಲ್ಲಿ ಫಿನೋಬಾರ್ಬಿಟೋನ್ ಗಾಬಾ-ಎ ಗ್ರಾಹಕದ ಮೇಲೆಯೇ ಕೆಲಸ ಮಾಡುವ ಹಳೆಯ ಮದ್ದು.

ಮೇಲಿನದೆಲ್ಲ ಹೆಚ್ಚಾಗಿ ರಾಸಾಯನಿಕ ಸೆಳವಿನ ಮಾದರಿಗಳಿಂದ ಬಂದ ತಿಳಿವಳಿಕೆ. ಪಾರ್ಶ್ವವಾಯುವಿನದೇ ಆದ ಮಾದರಿಗಳಲ್ಲಿ ಪ್ರಮುಖವಾದದ್ದು 1985ರಲ್ಲಿ ವ್ಯಾಟ್ಸನ್ ಮತ್ತು ಸಂಗಡಿಗರು ರೂಪಿಸಿದ ವಿಧಾನ: ಇಲಿಯ ರಕ್ತಕ್ಕೆ ರೋಸ್ ಬೆಂಗಾಲ್ ಎಂಬ ಬಣ್ಣ ಸೇರಿಸಿ, ತಲೆಬುರುಡೆಯ ಮೂಲಕ ಬೆಳಕು ಹಾಯಿಸಿದರೆ, ಬೆಳಕು ಬಿದ್ದ ಕಡೆಯ ರಕ್ತನಾಳಗಳಲ್ಲಿ ಮಾತ್ರ ಹೆಪ್ಪುಗಟ್ಟಿ, ಕಾರ್ಟೆಕ್ಸಿನ ಅಷ್ಟು ಭಾಗ ಸಾಯುತ್ತದೆ. ಇಂಥ ಗಾಯದ ಸುತ್ತ ಗಾಬಾ-ಎ ಗ್ರಾಹಕಗಳು ಔಷಧವನ್ನು ಹಿಡಿದುಕೊಳ್ಳುವ ಪ್ರಮಾಣ ಇಳಿಯುತ್ತದೆ, ಮತ್ತು ಈ ಇಳಿಕೆ ಗಾಯದ ಅಂಚಿಗೆ ನಿಲ್ಲದೆ ಮಿದುಳಿನ ಎದುರು ಗೋಳಾರ್ಧದವರೆಗೂ ಹಬ್ಬುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಕಾಣುವ ಕಪ್ಪು ಕಲೆಯೇ ರೋಗದ ಎಲ್ಲೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. 2013ರಲ್ಲಿ ಜ್ಯಾನ್ ಪಾಜ್, ಜಾನ್ ಹ್ಯೂಗನಾರ್ಡ್ ಮತ್ತು ಸಂಗಡಿಗರು ಕಾರ್ಟೆಕ್ಸಿನ ಇಂಥದೇ ಗಾಯದ ನಂತರ, ಅದರಿಂದ ದೂರದಲ್ಲಿ ಮಿದುಳಿನ ಆಳದಲ್ಲಿರುವ ಥಾಲಮಸಿನ ಕೋಶಗಳು ಅತಿ ಉದ್ರೇಕಗೊಂಡಿರುವುದನ್ನು ಕಂಡು, ಆ ಕೋಶಗಳನ್ನು ಬೆಳಕಿನಿಂದ ತಡೆದಾಗ ಸೆಳವು ನಡುವೆಯೇ ನಿಂತುಬಿಡುವುದನ್ನು ತೋರಿಸಿದರು.

ಗಾಬಾ ಗ್ರಾಹಕ ಸರಿಯಾಗಿದ್ದರೂ ಗಾಬಾ ತಡೆಯದೆ ಹೋಗಬಹುದು. ಕೋಶದೊಳಗಿನ ಕ್ಲೋರೈಡನ್ನು ಹೊರಹಾಕುವ ಕೆಸಿಸಿ2 ಎಂಬ ಸಾಗಣೆ ಪ್ರೋಟೀನಿನ ಅಭಿವ್ಯಕ್ತಿ ರಕ್ತಕೊರತೆಯ ನಂತರ ಕುಗ್ಗುತ್ತದೆ. ಒಳಗೆ ಕ್ಲೋರೈಡ್ ತುಂಬಿಕೊಂಡ ಕೋಶದಲ್ಲಿ ಗಾಬಾ ರಂಧ್ರವನ್ನು ತೆರೆದಾಗ ಕ್ಲೋರೈಡ್ ಒಳಬರುವ ಬದಲು ಹೊರಹರಿದು, ತಡೆಯಬೇಕಾದ ಸಂದೇಶವೇ ಉದ್ರೇಕವಾಗಿ ಪರಿಣಮಿಸುತ್ತದೆ. ಹುಟ್ಟುವ ಮುನ್ನ ಮಿದುಳು ಇದ್ದ ಸ್ಥಿತಿ ಇದು. ಗಾಯಗೊಂಡ ಮಿದುಳು ಒಂದು ಅರ್ಥದಲ್ಲಿ ಆ ಎಳೆತನಕ್ಕೆ ಮರಳುತ್ತದೆ.

ಗ್ಲುಟಮೇಟ್ ಗ್ರಾಹಕ: ಕಾವಲು ಬಿಟ್ಟ ಬಾಗಿಲು

ರಕ್ತ ನಿಂತ ನಿಮಿಷಗಳಲ್ಲೇ ಕೋಶಗಳ ಇಂಧನ ಮುಗಿದು, ಗ್ಲುಟಮೇಟ್ ಅಂಕೆಯಿಲ್ಲದೆ ಸುರಿದು, ಎನ್‌ಎಂಡಿಎ ಗ್ರಾಹಕಗಳ ಮೂಲಕ ಕ್ಯಾಲ್ಸಿಯಂ ಒಳನುಗ್ಗಿ ಕೋಶಗಳನ್ನು ಕೊಲ್ಲುತ್ತದೆ. ಇಲ್ಲಿ ಜೀನ್ ಅಭಿವ್ಯಕ್ತಿಗೆ ಸಮಯವೇ ಇರುವುದಿಲ್ಲ. ಬದುಕುಳಿದ ಅಂಚಿನ ಕೋಶಗಳಲ್ಲಿ ಆಮೇಲೆ ನಡೆಯುವುದೇ ಅಪಸ್ಮಾರದ ಕಥೆ, ಮತ್ತು ಅದರ ಮುಖ್ಯ ಪಾತ್ರ ಜಿಆರ್‌ಐಎ2 ಜೀನ್ ತಯಾರಿಸುವ ಗ್ಲುಎ2 ಎಂಬ ಆಂಪಾ ಉಪಘಟಕದ್ದು. ಗ್ಲುಎ2 ಇರುವ ಆಂಪಾ ಗ್ರಾಹಕ ಸೋಡಿಯಂ ಅನ್ನು ಬಿಟ್ಟುಕೊಂಡರೂ ಕ್ಯಾಲ್ಸಿಯಂಗೆ ಬಾಗಿಲು ಮುಚ್ಚಿರುತ್ತದೆ. ಕುತೂಹಲದ ಸಂಗತಿಯೆಂದರೆ ಈ ಕಾವಲುಗಾರಿಕೆ ಜೀನ್‌ನಲ್ಲಿ ಬರೆದದ್ದಲ್ಲ: ಜೀನ್ ಆ ಸ್ಥಾನದಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಸೂಚಿಸುತ್ತದೆ, ಆದರೆ ಅಡಾರ್2 ಎಂಬ ಕಿಣ್ವ ಆರ್‌ಎನ್‌ಎ ಹಂತದಲ್ಲಿ ಒಂದು ಅಕ್ಷರವನ್ನು ತಿದ್ದಿ ಅಲ್ಲಿ ಆರ್ಜಿನಿನ್ ಬರುವಂತೆ ಮಾಡುತ್ತದೆ; ಅದರ ಧನ ವಿದ್ಯುದಂಶವೇ ಕ್ಯಾಲ್ಸಿಯಂ ಅನ್ನು ಹಿಮ್ಮೆಟ್ಟಿಸುವುದು. ಮೂಲಪ್ರತಿಯಲ್ಲಿ ಇಲ್ಲದ, ಕರಡು ತಿದ್ದುವಾಗ ಸೇರಿದ ಒಂದಕ್ಷರದ ಮೇಲೆ ಕೋಶದ ಜೀವ ನಿಂತಿದೆ.

ರಕ್ತಕೊರತೆ ಈ ವ್ಯವಸ್ಥೆಯನ್ನು ಎರಡು ಕಡೆಯಿಂದ ಕೆಡಿಸುತ್ತದೆ. ಸುಜಾನ್ ಜುಕಿನ್ ಮತ್ತು ಸಂಗಡಿಗರು 1990ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ, ಮಿದುಳಿಗೆ ಹೋಗುವ ರಕ್ತವನ್ನು ಕೆಲ ನಿಮಿಷ ಪೂರ್ತಿ ನಿಲ್ಲಿಸಿದಾಗ ಹಿಪ್ಪೊಕ್ಯಾಂಪಸಿನ ಸಿಎ1 ಭಾಗದಲ್ಲಿ, ಕೋಶಗಳು ಸಾಯುವ ಮೊದಲೇ, ಗ್ಲುಎ2ರ ಆರ್‌ಎನ್‌ಎ ಇಳಿಯುವುದು ಕಂಡಿತು. ನರಕೋಶಗಳಲ್ಲಿ ಸಾಮಾನ್ಯವಾಗಿ ನಿದ್ರಿಸುವ ರೆಸ್ಟ್ ಎಂಬ ದಮನಕಾರಿ ಪ್ರೋಟೀನು ರಕ್ತಕೊರತೆಯಿಂದ ಎಚ್ಚೆತ್ತು ಜಿಆರ್‌ಐಎ2 ಅನ್ನು ಮುಚ್ಚುವುದೇ ಅದಕ್ಕೆ ಕಾರಣವೆಂದು 2003ರಲ್ಲಿ ಅವರು ತೋರಿಸಿದರು. 2006ರಲ್ಲಿ ಇನ್ನೊಂದು ಬಳಗ ಅಡಾರ್2 ಕೂಡ ಇದೇ ಸನ್ನಿವೇಶದಲ್ಲಿ ಕುಗ್ಗಿ, ತಿದ್ದುಪಡಿಯಾಗದ ಗ್ಲುಎ2 ಹುಟ್ಟುವುದನ್ನು ಕಂಡಿತು. ಒಂದೆಡೆ ಕಾವಲುಗಾರರೇ ಕಡಿಮೆ, ಇನ್ನೊಂದೆಡೆ ಇದ್ದವರ ಕೈಯಲ್ಲಿ ಕೋಲಿಲ್ಲ. ಹೃದಯ ನಿಂತು ಮತ್ತೆ ಚಾಲೂ ಆದಾಗಿನ ಸ್ಥಿತಿಗೆ ಹತ್ತಿರವಾದ ಮಾದರಿ ಇದು, ಒಂದು ಅಪಧಮನಿ ಕಟ್ಟಿಕೊಂಡ ಪಾರ್ಶ್ವವಾಯುವಿನದ್ದಲ್ಲ. ಎರಡನ್ನೂ ಒಂದೇ ಎನ್ನುವಂತೆ ಬರೆಯುವುದು ಸರಿಯಲ್ಲ. ದೀರ್ಘ ಸೆಳವಿನ ನಂತರವೂ ಹಿಪ್ಪೊಕ್ಯಾಂಪಸಿನ ಇನ್ನೊಂದು ಭಾಗದಲ್ಲಿ ಗ್ಲುಎ2 ಹೀಗೆಯೇ ಇಳಿಯುವುದರಿಂದ, ರಕ್ತಕೊರತೆಗೂ ಅಪಸ್ಮಾರಕ್ಕೂ ಇದು ಸಮಾನವಾದ ಹಾದಿಯೆಂದು ಮಾತ್ರ ಹೇಳಬಹುದು. ಪೆರಂಪನೆಲ್ ಎಂಬ ಇತ್ತೀಚಿನ ಔಷಧ ಆಂಪಾ ಗ್ರಾಹಕವನ್ನೇ ತಡೆಯುತ್ತದೆ.

ಎನ್‌ಎಂಡಿಎ ಗ್ರಾಹಕದಲ್ಲಿ ಜಿಆರ್‌ಐಎನ್2ಎ ಮತ್ತು ಜಿಆರ್‌ಐಎನ್2ಬಿ ಜೀನ್‌ಗಳ ಉಪಘಟಕಗಳ ಪ್ರಮಾಣ ಬದಲಾಗುತ್ತದೆ. ಎಳೆಯ ಮಿದುಳಿನಲ್ಲಿ ಹೆಚ್ಚಿದ್ದು ವಯಸ್ಸಿಗೆ ಬಂದಂತೆ ಹಿಂದೆ ಸರಿಯುವ 2ಬಿ ಉಪಘಟಕ, ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವಂಥದ್ದು. ಅಪಸ್ಮಾರದ ಅಂಗಾಂಶದಲ್ಲಿ ಅದು ಮತ್ತೆ ತಲೆ ಎತ್ತುವುದನ್ನು ಹಲವರು ಗುರುತಿಸಿದ್ದಾರೆ.

ಬಿಳಿಕೋಶಗಳಲ್ಲ, ನಕ್ಷತ್ರಕೋಶಗಳು

ರಕ್ತದ ಪ್ರೋಟೀನುಗಳು ಮಿದುಳಿನೊಳಕ್ಕೆ ಬರದಂತೆ ರಕ್ತನಾಳದ ಗೋಡೆಯಲ್ಲಿರುವ ಏರ್ಪಾಟನ್ನು ರಕ್ತ-ಮಿದುಳು ತಡೆ ಎನ್ನುತ್ತಾರೆ. ಪಾರ್ಶ್ವವಾಯುವಿನಲ್ಲಿ ಈ ತಡೆ ಒಡೆದು ಅಲ್ಬುಮಿನ್ ಎಂಬ ರಕ್ತದ ಸಾಮಾನ್ಯ ಪ್ರೋಟೀನು ಒಳಸೇರುತ್ತದೆ. ಇದಕ್ಕೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳೇ ಮೊದಲ ಉತ್ತರ ಕೊಡುತ್ತವೆಂದು ಊಹಿಸಬಹುದಾದರೂ, ಹೆಚ್ಚಿನ ಪಾತ್ರ ನರಕೋಶಗಳನ್ನು ಪೋಷಿಸುವ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳದ್ದು. ಬೀರ್‌ಶೆಬಾದ ಅಲೋನ್ ಫ್ರೀಡ್‌ಮನ್ ಮತ್ತು ಬರ್ಕ್ಲಿಯ ಡೇನಿಯೆಲಾ ಕೌಫರ್ ಅವರ ಬಳಗಗಳು ತೋರಿಸಿದಂತೆ, ಅಲ್ಬುಮಿನ್ ಈ ಕೋಶಗಳ ಟಿಜಿಎಫ್-ಬೀಟಾ ಗ್ರಾಹಕಕ್ಕೆ ಅಂಟಿ, ಕೆಐಆರ್4.1 ಎಂಬ ಪೊಟ್ಯಾಸಿಯಂ ನಾಳವನ್ನು ಕುಗ್ಗಿಸುತ್ತದೆ. ನರಕೋಶಗಳು ಹೊರಹಾಕಿದ ಪೊಟ್ಯಾಸಿಯಂ ತೊಳೆದುಹೋಗದೆ ಅಲ್ಲೇ ನಿಂತು ಸುತ್ತಲಿನ ಕೋಶಗಳನ್ನು ಕೆರಳಿಸುತ್ತದೆ. 2009ರ ಒಂದು ಅಧ್ಯಯನದಲ್ಲಿ ಮಿದುಳಿಗೆ ಬರಿಯ ಅಲ್ಬುಮಿನ್ ಸೋಕಿಸಿದಾಗಲೂ ಟಿಜಿಎಫ್-ಬೀಟಾ ಸೋಕಿಸಿದಾಗಲೂ ಸಾವಿರಾರು ಜೀನ್‌ಗಳ ಅಭಿವ್ಯಕ್ತಿ ಬಹುತೇಕ ಒಂದೇ ರೀತಿಯಲ್ಲಿ ಬದಲಾಯಿತು. ಸೆಳವು ಬರುವುದಕ್ಕೂ ಮೊದಲು ಬದಲಾದವುಗಳಲ್ಲಿ ಪ್ರತಿಬಂಧಕ ಗ್ರಾಹಕಗಳ ಜೀನ್‌ಗಳೂ ಇದ್ದವು.

ಉರಿಯೂತದ ಗ್ರಾಹಕಗಳಲ್ಲಿ ಇಂಟರ್‌ಲ್ಯೂಕಿನ್-1ರ ಗ್ರಾಹಕವೂ ಟಿಎಲ್‌ಆರ್4 ಎಂಬುದೂ ಅಪಸ್ಮಾರದ ಅಂಗಾಂಶದಲ್ಲಿ ಹೆಚ್ಚುತ್ತವೆ. ಸೆಳವನ್ನು ತಾನಾಗಿ ನಿಲ್ಲಿಸುವ ಅಡಿನೋಸಿನ್ ಎಂಬ ಪದಾರ್ಥವನ್ನು ತೆಗೆದುಹಾಕುವ ಕಿಣ್ವ, ಆಸ್ಟ್ರೋಸೈಟುಗಳು ಗಾಯದ ಗುರುತಾಗಿ ದಟ್ಟವಾದ ಮೇಲೆ ಹೆಚ್ಚುವುದರಿಂದ, ಅಡಿನೋಸಿನಿನ ಗ್ರಾಹಕಗಳು ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವವಾದ ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಪ್ರೋಟೀನು ಪಿಎಆರ್1 ಗ್ರಾಹಕವನ್ನು ಕೆರಳಿಸುತ್ತದೆ, ಒಡೆದ ರಕ್ತಕಣಗಳ ಕಬ್ಬಿಣ ಬೇರೆ ಹಾನಿ ಮಾಡುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ ರೂಢಿ ನಮ್ಮಲ್ಲಿ ಹಲವೆಡೆ ಇದೆ; ಕಾರ್ಟೆಕ್ಸಿಗೆ ಕಬ್ಬಿಣದ ಲವಣ ಸೋಕಿಸುವುದು ಪ್ರಯೋಗಾಲಯದಲ್ಲಿ ಅಪಸ್ಮಾರ ಹುಟ್ಟಿಸುವ ವಿಧಾನವೆಂಬುದು ವಿಪರ್ಯಾಸ.

ಕಾಲದ ಪ್ರಶ್ನೆ

ಎಲ್ಲ ಬದಲಾವಣೆಗಳೂ ಒಂದೇ ದಿಕ್ಕಿನವಲ್ಲ. 2010ರಲ್ಲಿ ಕ್ಲಾರ್ಕ್‌ಸನ್, ಕಾರ್ಮೈಕಲ್ ಮತ್ತು ಸಂಗಡಿಗರು ಪಾರ್ಶ್ವವಾಯುವಾದ ಪ್ರೌಢ ಇಲಿಗಳ ಗಾಯದಂಚಿನಲ್ಲಿ, ಸಿನಾಪ್ಸಿನ ಹೊರಗಿರುವ ಗಾಬಾ ಗ್ರಾಹಕಗಳ ಮೂಲಕ ನಡೆಯುವ ನಿರಂತರ ತಡೆ ಕಡಿಮೆಯಾಗಿರದೆ ಹೆಚ್ಚಾಗಿರುವುದನ್ನು ಕಂಡರು. ಆಸ್ಟ್ರೋಸೈಟುಗಳು ಗಾಬಾವನ್ನು ಹೀರಿಕೊಳ್ಳುವುದು ಕಡಿಮೆಯಾದದ್ದೇ ಇದರ ಕಾರಣ. ಆಲ್ಫಾ-5 ಇರುವ ಆ ಗ್ರಾಹಕಗಳನ್ನು ಕೆಲವು ದಿನ ಬಿಟ್ಟು ತಡೆದಾಗ ಇಲಿಗಳ ಕೈಕಾಲಿನ ಚಲನೆ ಸುಧಾರಿಸಿತು. ಅದೇ ಮದ್ದನ್ನು ಪಾರ್ಶ್ವವಾಯುವಾದ ತಕ್ಷಣ ಕೊಟ್ಟಾಗ ಗಾಯ ದೊಡ್ಡದಾಯಿತು. ಹೀಗೆ ಮೊದಲ ದಿನಗಳಲ್ಲಿ ರಕ್ಷಕವಾದ ತಡೆ ಕೆಲವೇ ದಿನಗಳಲ್ಲಿ ಚೇತರಿಕೆಗೆ ಅಡ್ಡಿಯಾಗುತ್ತದೆ. ಅದನ್ನು ಸಡಿಲಿಸಿದರೆ ನಡಿಗೆ ಸುಧಾರಿಸುತ್ತದೆ, ಅತಿಯಾಗಿ ಸಡಿಲಿಸಿದರೆ ಸೆಳವಿಗೆ ಹಾದಿಯಾಗುತ್ತದೆ. ಆದ್ದರಿಂದ ಒಂದು ಗ್ರಾಹಕದ ಜೀನ್ ಏರಿದೆ ಅಥವಾ ಇಳಿದಿದೆ ಎಂಬ ವಾಕ್ಯಕ್ಕೆ, ಯಾವ ಕೋಶದಲ್ಲಿ, ಗಾಯದಿಂದ ಎಷ್ಟು ದೂರದಲ್ಲಿ, ಎಷ್ಟನೆಯ ದಿನ ಎಂಬ ಮೂರು ಮಾತು ಸೇರದಿದ್ದರೆ ಅರ್ಥವೇ ಇಲ್ಲ.

ಅಳತೆ ಮತ್ತು ಅಂಗಾಂಶ

ಭಾರತದಲ್ಲಿ ಅಪಸ್ಮಾರದ ಗ್ರಾಹಕ ಜೀನ್‌ಗಳ ಕುರಿತ ವ್ಯವಸ್ಥಿತ ಕೆಲಸಗಳಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಿ.ಎಸ್. ಪೌಲೋಸ್ ಅವರ ಬಳಗದ್ದು ಗಮನಾರ್ಹ. ಪೈಲೊಕಾರ್ಪಿನ್ ಕೊಟ್ಟ ಇಲಿಗಳ ಹಿಪ್ಪೊಕ್ಯಾಂಪಸಿನಲ್ಲಿ ಎನ್‌ಎಂಡಿಎ ಹಾಗೂ ಗಾಬಾ ಗ್ರಾಹಕಗಳ ಅಭಿವ್ಯಕ್ತಿ ಇಳಿಯುವುದನ್ನೂ, ಬ್ರಾಹ್ಮಿಯ ಸಾರ ಅದನ್ನು ಸಾಮಾನ್ಯ ಮಟ್ಟದತ್ತ ಒಯ್ಯುವುದನ್ನೂ ಅವರು ವರದಿ ಮಾಡಿದರು. ಇಲ್ಲಿನ ಬ್ರಾಹ್ಮಿ ಬಕೋಪ ಮೊನ್ನಿಯೆರಿ ಎಂಬ ನೀರುಬ್ರಾಹ್ಮಿ. ಕರ್ನಾಟಕದಲ್ಲಿ ಬ್ರಾಹ್ಮಿಯೆಂದೇ ಕರೆದು ತಂಬುಳಿ ಮಾಡುವ ಒಂದೆಲಗ ಬೇರೆಯೇ ಕುಲದ ಸಸ್ಯ. ಇಲಿಯ ಪ್ರಯೋಗದ ಫಲಿತಾಂಶವನ್ನು ಒಂದೆಲಗದ ತಂಬುಳಿಗೆ ಅನ್ವಯಿಸುವುದಾಗಲಿ, ಅದನ್ನು ನಂಬಿ ಮಾತ್ರೆ ನಿಲ್ಲಿಸುವುದಾಗಲಿ ಸಲ್ಲದು.

ಬೆಂಗಳೂರಿನಲ್ಲಿ ಈ ದಿಕ್ಕಿನ ಸಂಶೋಧನೆ ಇನ್ನೊಂದು ಅಪಸ್ಮಾರದ ಮೂಲಕ ಬೆಳೆಯಿತು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಸೆಳವು ಹಳೆಯ ಮೈಸೂರು ಸೀಮೆಯಲ್ಲಿ ವಿಶೇಷವಾಗಿ ಹೆಚ್ಚು. ನಿಮ್ಹಾನ್ಸಿನಲ್ಲಿ ಇದರ ಇಲಿ ಮಾದರಿಯನ್ನು 1990ರ ದಶಕದಲ್ಲಿ ರೂಪಿಸಲಾಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರು ನಿಮ್ಹಾನ್ಸಿನ ವೈದ್ಯರೊಡನೆ ಇಂಥ ಕುಟುಂಬಗಳನ್ನು ಅಧ್ಯಯನ ಮಾಡಿ, ಸಿನಾಪ್ಸಿನಿಂದ ಗ್ಲುಟಮೇಟನ್ನು ತೆಗೆಯುವ ಸಾಗಣೆ ಪ್ರೋಟೀನಿನ ಜೀನ್ ಆದ ಎಸ್‌ಎಲ್‌ಸಿ1ಎ1ರಲ್ಲಿ ಅಪರೂಪದ ವ್ಯತ್ಯಾಸಗಳನ್ನು 2017ರಲ್ಲಿ ವರದಿ ಮಾಡಿದರು. ಅಲ್ಲಿ ಜೀನ್‌ನ ಬರಹವೇ ಬೇರೆ. ಪಾರ್ಶ್ವವಾಯುವಿನ ನಂತರ ಬರಹ ಹಾಗೇ ಇದ್ದು ಓದುವ ಪ್ರಮಾಣ ಬದಲಾಗುತ್ತದೆ. ಗ್ಲುಟಮೇಟಿನ ನಿರ್ವಹಣೆ ಕೆಡುವುದು ಎರಡಕ್ಕೂ ಸಮಾನ.

ಮಾನವನ ಅಂಗಾಂಶ ಸಿಗುವುದೇ ಈ ವಿಷಯದ ದೊಡ್ಡ ತೊಡಕು. ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡಿದಾಗ ತೆಗೆದ ಅಂಗಾಂಶ ಅಧ್ಯಯನಕ್ಕೆ ದೊರೆಯುತ್ತದೆ, ಆದರೆ ಪಾರ್ಶ್ವವಾಯುವಿನ ನಂತರದ ಅಪಸ್ಮಾರ ಬಹುಪಾಲು ಮಾತ್ರೆಗಳಿಗೆ ಬಗ್ಗುತ್ತದೆ ಮತ್ತು ರೋಗಿಗಳು ವಯಸ್ಸಾದವರಾದ್ದರಿಂದ ಶಸ್ತ್ರಚಿಕಿತ್ಸೆಯ ಮಾತು ವಿರಳ. ಉಳಿದದ್ದು ಮರಣಾನಂತರದ ದಾನ. ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ನಿಮ್ಹಾನ್ಸಿನಲ್ಲಿ ಆರಂಭವಾದ ಮಾನವ ಮಿದುಳು ಅಂಗಾಂಶ ಭಂಡಾರ ಇಂಥ ದಾನಗಳನ್ನು ಸಂಗ್ರಹಿಸುತ್ತದೆ. ಅದೇ ಆವರಣದ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರು ಪಾರ್ಶ್ವವಾಯುವಿನಿಂದ ಕುಸಿದ ಮಿದುಳಿನ ಭಾಗಗಳನ್ನು ಕಣ್ಣಾರೆ ನೋಡಬಹುದು. ಆರ್‌ಎನ್‌ಎ ಮಾತ್ರ ಪ್ರೋಟೀನಿಗಿಂತ ನಾಜೂಕು: ಸಾವಿಗೂ ಶೈತ್ಯೀಕರಣಕ್ಕೂ ನಡುವಿನ ಗಂಟೆಗಳು, ಸಾಯುವ ಮುನ್ನ ಉಸಿರಾಟ ಯಂತ್ರದಲ್ಲಿ ಕಳೆದ ಕಾಲ, ಅಂಗಾಂಶದ ಆಮ್ಲೀಯತೆ ಇವೆಲ್ಲ ಅದನ್ನು ಕೆಡಿಸುತ್ತವೆ. ಮೊದಲು ಚೂರು ಅಂಗಾಂಶವನ್ನು ಅರೆದು ಎಲ್ಲ ಕೋಶಗಳ ಸರಾಸರಿ ಅಳೆಯಬೇಕಾಗುತ್ತಿತ್ತು. ನರಕೋಶ ಸತ್ತು ಆಸ್ಟ್ರೋಸೈಟುಗಳು ಹೆಚ್ಚಿದ ಕಡೆ ನರಕೋಶದ ಗ್ರಾಹಕದ ಜೀನ್ ‘ಇಳಿದಂತೆ’ ಕಂಡರೂ, ಉಳಿದ ಒಂದೊಂದು ಕೋಶದಲ್ಲಿ ಅದು ಏರಿರಲೂಬಹುದಿತ್ತು. ಈಗ ಘನೀಕರಿಸಿದ ಅಂಗಾಂಶದಿಂದಲೂ ಒಂದೊಂದೇ ಕೋಶಕೇಂದ್ರವನ್ನು ಬೇರ್ಪಡಿಸಿ ಅದರ ಆರ್‌ಎನ್‌ಎ ಓದುವ ವಿಧಾನ ಬಂದಿದೆ.

ಚಿಕಿತ್ಸೆ

ಇಂದು ಬಳಕೆಯಲ್ಲಿರುವ ಮಾತ್ರೆಗಳು ಸೆಳವನ್ನು ತಡೆಯುತ್ತವೆ, ಅಪಸ್ಮಾರ ಹುಟ್ಟುವುದನ್ನಲ್ಲ. ಆದ್ದರಿಂದ ಸೆಳವು ಬರದ ಪಾರ್ಶ್ವವಾಯು ರೋಗಿಗೆ ಮುಂಜಾಗ್ರತೆಯೆಂದು ದೀರ್ಘಕಾಲ ಅವುಗಳನ್ನು ಕೊಡುವುದಿಲ್ಲ. ವಯಸ್ಸಾದವರಲ್ಲಿ ಲೆವೆಟಿರಾಸೆಟಮ್ ಅಥವಾ ಲ್ಯಾಮೊಟ್ರಿಜಿನ್ ಆರಿಸುವುದು ರೂಢಿ. ಫಿನಿಟಾಯಿನ್, ಕಾರ್ಬಮಜೆಪಿನ್‌ಗಳು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ, ಅದೇ ರೋಗಿ ನುಂಗುತ್ತಿರುವ ರಕ್ತ ತೆಳುಮಾಡುವ ಔಷಧಗಳನ್ನೂ ಕೊಲೆಸ್ಟರಾಲಿನ ಸ್ಟ್ಯಾಟಿನ್‌ಗಳನ್ನೂ ಬೇಗ ಕರಗಿಸಿಬಿಡುವುದರಿಂದ ಅವು ಹಿಂದೆ ಸರಿದಿವೆ. ಜೀನ್ ಅಭಿವ್ಯಕ್ತಿಯ ಅಧ್ಯಯನದಿಂದ ಬಂದ, ಮನೆಯ ಔಷಧದ ಡಬ್ಬಿಯಲ್ಲಿ ಆಗಲೇ ಇರಬಹುದಾದ ಒಂದು ಮದ್ದು ಲೊಸಾರ್ಟನ್. ರಕ್ತದೊತ್ತಡಕ್ಕೆ ಕೊಡುವ ಈ ಮಾತ್ರೆ ಮಿದುಳಿನಲ್ಲಿ ಟಿಜಿಎಫ್-ಬೀಟಾ ಸಂಕೇತವನ್ನೂ ಅಡಗಿಸುವುದರಿಂದ, ರಕ್ತ-ಮಿದುಳು ತಡೆ ಒಡೆದ ಇಲಿಗಳಿಗೆ ಅದನ್ನು ಕೊಟ್ಟಾಗ ಮುಂದೆ ಅಪಸ್ಮಾರ ಬಂದ ಇಲಿಗಳ ಸಂಖ್ಯೆ ಕಡಿಮೆಯಾಯಿತೆಂದು ಫ್ರೀಡ್‌ಮನ್ ಮತ್ತು ಕೌಫರ್ ಬಳಗ 2014ರಲ್ಲಿ ಪ್ರಕಟಿಸಿತು. ಅದೇ ವರ್ಗದ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಸ್ಮಾರ ಕಡಿಮೆಯೆಂದು ವೈದ್ಯಕೀಯ ದಾಖಲೆಗಳನ್ನು ಆಧರಿಸಿದ ಯುರೋಪಿನ ಅಧ್ಯಯನವೊಂದು ಆಮೇಲೆ ಹೇಳಿತು. ದಾಖಲೆಗಳ ಅಧ್ಯಯನದಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗುವುದಿಲ್ಲ. ಅದಕ್ಕೆ ಪಾರ್ಶ್ವವಾಯುವಾದ ಮೊದಲ ವಾರದಲ್ಲೇ ಮಾತ್ರೆ ಆರಂಭಿಸಿ, ವರ್ಷಗಟ್ಟಲೆ ರೋಗಿಗಳನ್ನು ಅನುಸರಿಸುವ ಪರೀಕ್ಷೆ ಬೇಕು.